ಬಾಯಲ್ಲಿ ನೀರು, ಕೈಯಲ್ಲಿ ಬಣ್ಣ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಸೇರಿರುವ ಮಹಾಜನರೇ! ಮುಂದಿನ ಸಾಲಿನ ಕುರ್ಚಿಗಳಲ್ಲಿ ಬೆನ್ನು ಆನಿಸಿ ಕುಳಿತ ದೊಡ್ಡವರೇ, ಹಿಂದಿನ ಬೆಂಚಿನಲ್ಲಿ ಸಿಳ್ಳೆ ಹಾಕುವ ಪುಂಡರೇ, ಕಂಬ ಅಡ್ಡ ಬಂತೆಂದು ಕತ್ತು ಓರೆ ಮಾಡಿ ನಿಂತ ತಾಯಂದಿರೇ! ಎಲ್ಲರೂ ಬಂದಿದ್ದೀರಾ?

ಯಾರೂ ಬಂದಿಲ್ಲ. ಗೊತ್ತು. ಇದು ಬರೀ ಡೈರಿ. ಆದರೂ ಎಲ್ಲಾದರೂ ಒಂದು ಕಡೆ ಕೂಗದಿದ್ದರೆ ಈ ದೇಹ ಒಡೆದು ಹೋದೀತು. ಬಾಯಿಗೆ ಬೀಗ ಬಿದ್ದವನಿಗೆ ಪೆನ್ನೇ ಗತಿ.

ಇವತ್ತೂ ಅದೇ. ಎದ್ದೆ. ಉಪ್ಪುನೀರು ಮುಕ್ಕಳಿಸಿದೆ. ಹಬೆ ತೆಗೆದುಕೊಂಡೆ. ಕನ್ನಡಿ ನೋಡಿ ಹುಬ್ಬು ಏರಿಸಿದೆ — ಸದ್ಯಕ್ಕೆ ಅಷ್ಟಕ್ಕೆ ಮಾತ್ರ ಅನುಮತಿ.

ಮೊನ್ನೆ ಗಂಟಲ ಡಾಕ್ಟರಮ್ಮ ಮೂಗಿನೊಳಗೆ ಕ್ಯಾಮೆರಾ ಇಳಿಸಿ ಟಿವಿಯಲ್ಲಿ ತೋರಿಸಿದರು. ಧ್ವನಿಯ ಎಳೆಗಳ ಮೇಲೆ ಎರಡು ಗಂಟು. ಎದುರುಬದುರು, ಕುಸ್ತಿಗೆ ತೊಡೆ ತಟ್ಟಿ ನಿಂತ ಜಟ್ಟಿಗಳ ಹಾಗೆ.

"ಎಷ್ಟು ವರ್ಷದಿಂದ ಹೀಗೆ ಕಿರಿಚ್ತಾ ಇದ್ದೀರಿ?"

ಕಿರಿಚುವುದಂತೆ! ಘರ್ಜನೆಗೂ ಕಿರಿಚಾಟಕ್ಕೂ ವ್ಯತ್ಯಾಸ ತಿಳಿಯದವರ ಕೈಯಲ್ಲಿ ನನ್ನ ಕಂಠ.

"ಎರಡು ವಾರ ಪೂರ್ತಿ ಮೌನ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಗಂಟು ಕರಗಿದ್ರೆ ಸರಿ. ಇಲ್ದಿದ್ರೆ ಆಪರೇಷನ್. ಆಮೇಲೆ ಧ್ವನಿ ಹೇಗಿರತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ."

ಏಪ್ರಿಲ್ ಕೊನೆಗೆ ನಮ್ಮ ಕಂಪನಿಯ ಹೊಸ ನಾಟಕ. ಮುದಿರಾಜ ನಾನೇ. ಮಕ್ಕಳೆಲ್ಲ ಕೈಬಿಟ್ಟ ಮೇಲೆ ಕೋಟೆಯ ಬಾಗಿಲಲ್ಲಿ ಒಬ್ಬನೇ ನಿಂತು ಗುಡುಗಬೇಕು. ಇಂಥ ಪಾತ್ರ ಆಯುಷ್ಯಕ್ಕೆ ಒಂದು. ಕಂಪನಿಯ ಯಜಮಾನರು ಹೇಳಿಬಿಟ್ಟಿದ್ದಾರೆ — ಎರಡು ವಾರ ಕಾಯುವುದು, ಆಮೇಲೆ ಪಾತ್ರ ಮೈಕಣ್ಣನಿಗೆ.

ಮೈಕಣ್ಣನಿಗೆ! ಕತ್ತಿನ ಹತ್ತಿರ ಮೈಕು ಸಿಕ್ಕಿಸದಿದ್ದರೆ ಅವನ ಮಾತು ಅವನ ಮೀಸೆಯನ್ನೂ ದಾಟುವುದಿಲ್ಲ.

ಮಾರ್ಚ್ 4, ಮಂಗಳವಾರ

ಮಾತಿಗೆ ಬದಲು ಸ್ಲೇಟು. ಬೆಳಿಗ್ಗೆ ಬರೆದೆ: 'ಎಲೈ ಗೃಹಲಕ್ಷ್ಮಿಯೇ, ಬಿಸಿಬಿಸಿಯಾದ ಕಾಫಿಯೆಂಬ ಅಮೃತವನ್ನು ಈ ಬಡಪಾಯಿಗೆ—' ಸ್ಲೇಟು ತುಂಬಿತು. ಇವಳು ಓದಿ, ಅಂಗೈಯಿಂದ ಒರೆಸಿದಳು.

"ಕಾಫಿ ಅಂತ ಬರೀರಿ ಸಾಕು. ಬಳಪಕ್ಕೂ ನಿಮ್ಮ ರೋಗ ಹತ್ತಿಸಬೇಡಿ."

ಇವಳಿಗೆ ಹೊಲಿಗೆ ಕೆಲಸ. ಮುಂಬಾಗಿಲ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಷಿನ್ ಗಡಗಡ. ಅದಕ್ಕೆ ಮಾತಿನ ಹಕ್ಕುಂಟು. ನನಗಿಲ್ಲ.

ಸಂಜೆ ಮಗಳು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳದು. ಮಾತ್ರೆ ತಂದಿರಬಹುದೆಂದು ಕೈ ಚಾಚಿದೆ. ಕೈಗೆ ಬಿದ್ದದ್ದು ಒಂದು ದಪ್ಪ ಪುಸ್ತಕ, ಒಂದು ಡಬ್ಬಿ ಕಲರ್ ಪೆನ್ಸಿಲ್. ಪುಸ್ತಕದಲ್ಲಿ ಅಕ್ಷರವೇ ಇಲ್ಲ. ಬರೀ ಗೆರೆ. ಗೂಬೆ, ಕಾಡು, ಕೋಟೆ, ಸಮುದ್ರ. ಗರಿಯೊಳಗೆ ಗರಿ, ಎಲೆಯೊಳಗೆ ಎಲೆ. ಕೂದಲೆಳೆಯಷ್ಟು ಸಣ್ಣ ಸಂದು.

"ದೊಡ್ಡವರಿಗೆ ಅಂತಲೇ ಮಾಡಿರೋದು ಅಪ್ಪಾ. ಬಣ್ಣ ತುಂಬ್ತಾ ಕೂತರೆ ಟೆನ್ಷನ್ ಹೋಗತ್ತೆ, ಮನಸ್ಸು ಶಾಂತ ಆಗತ್ತೆ."

ಸ್ಲೇಟಿನಲ್ಲಿ ಬರೆದೆ: 'ನಾನು ಎಲ್‌ಕೆಜಿಯೇ?'

"ಎಲ್‌ಕೆಜಿ ಮಕ್ಕಳು ಇಷ್ಟು ಹಠ ಮಾಡಲ್ಲ."

ಪುಸ್ತಕವನ್ನು ಕಪಾಟಿನ ಮೇಲೆ ಎಸೆದೆ. ಎಸೆದ ರೀತಿ ಮಾತ್ರ ಚೆನ್ನಾಗಿತ್ತು. ರಾಜ ಕಿರೀಟ ಎಸೆಯುವ ಹಾಗೆ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಕುರ್ಚಿ ಹಾಕಿ ಇಳಿಸಿದೆ. ಯಾರೂ ನೋಡಲಿಲ್ಲ.

ಮೊದಲು ಗೂಬೆ. ಹಚ್ಚುತ್ತಾ ಹಚ್ಚುತ್ತಾ ಗೊತ್ತಾಯಿತು — ಇದು ಸಾಮಾನ್ಯ ಗೂಬೆಯಲ್ಲ, ಸೇನಾಪತಿ. ಅದೂ ದ್ರೋಹಿ. ಕೆನ್ನೆಗೆ ಕೆಂಪು ಬಳಿದೆ. ಕಣ್ಣಿನ ಸುತ್ತ ಕಪ್ಪು ತೀಡಿ, ತುದಿಯನ್ನು ಕಿವಿಯವರೆಗೆ ಎಳೆದೆ. ಮೂರು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಸುಳ್ಳೇಕೆ, ಮನಸ್ಸು ತಿಳಿಗೊಳವಾಗಿತ್ತು. ಮಗಳಿಗೆ ಹೇಳುವುದಿಲ್ಲ.

ಇವಳು ಬಟ್ಟೆಯ ಗಂಟು ಹೊತ್ತು ಹೋಗುವಾಗ ನಿಂತು ನೋಡಿದಳು.

"ಇದೇನ್ರೀ, ಗೂಬೆ ಮದುವೆಗೆ ಹೊರಟಿದೆಯಾ?"

ಸ್ಲೇಟು: 'ಕೊನೆಯ ಬೆಂಚಿಗೂ ಕಾಣಬೇಕು.'

"ಕೊನೇ ಬೆಂಚಿಗೇನು, ಪಕ್ಕದ ಊರಿಗೂ ಕಾಣತ್ತೆ."

ಮಾರ್ಚ್ 8, ಶನಿವಾರ

ನರಿ — ಮಂತ್ರಿ. ಮೀನು — ಕಣ್ಣೀರಿಡುವ ರಾಣಿ. ಎರಡು ಬಾತುಕೋಳಿ — ವಿದೂಷಕ ಮತ್ತು ಅವನ ಅತ್ತೆ. ಒಂದು ಪುಟ ಮುಗಿದರೆ ಒಂದು ಅಂಕ ಮುಗಿದ ಹಾಗೆ. ಪೆನ್ಸಿಲ್ ಕೆತ್ತಿ ಕೆತ್ತಿ ಕೆಂಪು ಹೆಬ್ಬೆರಳಷ್ಟಾಗಿದೆ.

ಮಾರ್ಚ್ 12, ಬುಧವಾರ

ಗಂಟಲು ಉರಿ. ಮೊದಲಿಗಿಂತ ಜಾಸ್ತಿ. ಒಂದು ಕೆಮ್ಮೂ ಕೆಮ್ಮದೆ ಋಷಿಯಂತೆ ಕೂತಿದ್ದೇನೆ, ಆದರೂ! ಫ್ಯಾನ್ ಗಾಳಿಯೇ ಇರಬೇಕು. ಅಥವಾ ಪಕ್ಕದ ಮನೆಯ ಪೇಂಟಿನ ವಾಸನೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತಾ ಕೂತೆ. ಕುದುರೆಗೆ ಬಣ್ಣ ತುಂಬಿದೆ. ರಣರಂಗದ ಕುದುರೆ. ಮೂಗಿನ ಹೊಳ್ಳೆ ಮಾತ್ರ ಅದ್ಭುತವಾಗಿ ಬಂದಿದೆ.

ಮಾರ್ಚ್ 17, ಸೋಮವಾರ

ಅಯ್ಯೋ ವಿಧಿಯೇ.

ಡಾಕ್ಟರಮ್ಮ ಟಿವಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಟಿವಿ.

"ಗಂಟು ದೊಡ್ಡದಾಗಿದೆ. ನೀವು ಮಾತಾಡಿದ್ದೀರಿ."

ತಲೆ ಅಲ್ಲಾಡಿಸಿದೆ. ಎದೆ ಮುಟ್ಟಿಕೊಂಡೆ. ಎರಡೂ ಕೈ ಆಕಾಶಕ್ಕೆತ್ತಿ, ಒಂದು ಮಂಡಿ ಊರಿ, ನಿರಪರಾಧಿ ಯುವರಾಜನಂತೆ ತೋಳು ಚಾಚಿದೆ. ನರ್ಸ್ ಟ್ರೇ ಹಿಡಿದು ಹಿಂದೆ ಸರಿದಳು.

"ಇವರು ಮಾತಾಡಿಲ್ಲ ಡಾಕ್ಟ್ರೇ," ಎಂದಳು ಇವಳು. ಆ ದನಿಯಲ್ಲಿ ನಂಬಿಕೆ ಇರಲಿಲ್ಲ. ಕೊನೆಯ ಅವಕಾಶವೆಂದು ಡಾಕ್ಟರಮ್ಮ ಇನ್ನೆರಡು ವಾರ ಮೌನ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ತಾಯಿ ಮಗಳು ಸೇರಿ ವಿಚಾರಣೆ.

"ಬಚ್ಚಲಲ್ಲಿ ಹಾಡಿದ್ಯಾ ಅಪ್ಪಾ?"

"ನಾನು ಅಂಗಡಿಗೆ ಹೋದಾಗ ಫೋನಲ್ಲಿ ಮಾತಾಡಿದ್ರಾ?"

"ಟೆರೇಸಿಗೆ ಹೋಗಿ ಕೂಗಿದ್ಯಾ?"

ಇಡೀ ಜನ್ಮ ಮಾತಾಡಿ ಬೈಸಿಕೊಂಡೆ, ಆಗ ಬೇಸರವಿರಲಿಲ್ಲ. ಮಾತಾಡದೆ ಬೈಸಿಕೊಳ್ಳುವುದಿದೆಯಲ್ಲ, ಅದು ನರಕ. ಸ್ಲೇಟಿನಲ್ಲಿ 'ನಂಬಿ' ಎಂದು ಬರೆದೆ. ಬಳಪ ಮುರಿಯಿತು.

ಯಜಮಾನರ ಫೋನ್. ಇವಳು ಸ್ಪೀಕರ್ ಹಾಕಿ ನನ್ನ ಕಿವಿಯ ಹತ್ತಿರ ಹಿಡಿದಳು. "ಇನ್ನು ಕಾಯಕ್ಕಾಗಲ್ಲ ಕಣಮ್ಮ. ಸದ್ಯಕ್ಕೆ ಮೈಕಣ್ಣ ಓದ್ಕೊಂಡಿರ್ಲಿ. ಇವನ ಗಂಟಲು ಬೇಗ ಬಂದ್ರೆ ಬದಲಾಯಿಸ್ತೀನಿ."

ರಾಜ್ಯ ಕೈತಪ್ಪುತ್ತಿದೆ, ಮಹಾಜನರೇ. ಶತ್ರು ಯಾರೆಂದೇ ತಿಳಿಯದೆ.

ಮಾರ್ಚ್ 19, ಬುಧವಾರ, ಸಂಜೆ

ಶತ್ರು ಸಿಕ್ಕಿದ.

ಮಧ್ಯಾಹ್ನ ಮೆಷಿನ್ನಿನ ಬೆಲ್ಟ್ ಕಿತ್ತುಹೋಯಿತು. ಮನೆ ಒಮ್ಮೆಲೇ ನಿಶ್ಶಬ್ದ. ಕೆಲಸ ನಿಂತಿತಲ್ಲ, ಇವಳು ಬಂದು ನನ್ನ ಎದುರು ಕೂತು, ಒಂದು ಹಸಿರು ಪೆನ್ಸಿಲ್ ಎತ್ತಿಕೊಂಡು, ಎಡಗಡೆಯ ಪುಟದ ಎಲೆಗಳಿಗೆ ಬಣ್ಣ ತುಂಬತೊಡಗಿದಳು. ಬಲಗಡೆಯ ಪುಟದಲ್ಲಿ ಕೋಟೆ. ಅದು ನನ್ನದು.

ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು.

"ಯಾರಿಗೆ ದ್ರೋಹಿ ಅಂದ್ರಿ?"

ಹುಬ್ಬು ಗಂಟಿಕ್ಕಿದೆ. ಏನು ಮಾತಿದು?

"ಈಗ ತಾನೆ ಅಂದ್ರಿ. ಪಿಸಪಿಸ ಅಂತ. 'ಎಲವೋ ದ್ರೋಹಿ, ಈ ಕೋಟೆಯ ಕಲ್ಲು ಕಲ್ಲೂ ನನ್ನ ಹೆಸರು ಬಲ್ಲದು' ಅಂತ."

ಸಾಧ್ಯವೇ ಇಲ್ಲ. ಸ್ಲೇಟಿನಲ್ಲಿ ದೊಡ್ಡದಾಗಿ ಬರೆದೆ — 'ಸುಳ್ಳು.' ಇವಳು ವಾದಕ್ಕಿಳಿಯಲಿಲ್ಲ. ಮೊಬೈಲನ್ನು ಪೆನ್ಸಿಲ್ ಡಬ್ಬಿಗೆ ಒರಗಿಸಿ, ತಾನು ಎಲೆಗೆ ತಿರುಗಿದಳು. ನಾನೂ ಕೋಪ ಮರೆತು ಕೋಟೆಗೆ ತಿರುಗಿದೆ. ಆಮೇಲೆ ರೆಕಾರ್ಡಾದದ್ದನ್ನು ಹಾಕಿ ಕೇಳಿಸಿದಳು.

ಕೇಳಿದೆ. ನನ್ನದೇ ಉಸಿರು, ನನ್ನದೇ ನಾಲಿಗೆ. ಪೂರ್ತಿ ಎರಡನೆಯ ಅಂಕ. ಮಂತ್ರಿಯ ಮಾತೂ ನನ್ನದೇ. ನಡುವೆ ವಿದೂಷಕನ ನಗು. ಬಾಗಿಲು ಮುರಿಯುವ ಸದ್ದು ಕೂಡ.

ಚಿಕ್ಕಂದಿನ ಅಭ್ಯಾಸ. ಮೇಕಪ್ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂರಿಸಿ ಕೆನ್ನೆಗೆ ಬಣ್ಣ ಮುಟ್ಟಿಸಿದ ಕೂಡಲೇ ತುಟಿಯಲ್ಲಿ ಮಾತು ಶುರುವಾಗಬೇಕು. ಬಣ್ಣ ಮುಗಿಯುವುದರೊಳಗೆ ಇಡೀ ಪಾತ್ರ ಒಮ್ಮೆ ನಾಲಿಗೆಯ ಮೇಲೆ ಸುತ್ತಿ ಬಂದಿರಬೇಕು. ಜೋರಾಗಿ ಅಲ್ಲ, ಪಕ್ಕದವನ ಪಾತ್ರ ಕೆಡಬಾರದಲ್ಲ, ಪಿಸುಗುಟ್ಟಬೇಕು. ಅಪ್ಪ ಹಾಗೆ ಮಾಡುತ್ತಿದ್ದ, ಕಂಪನಿಯವರೆಲ್ಲ ಹಾಗೇ. ಕೈ ಬಣ್ಣ ಮುಟ್ಟಿತೋ, ನಾಲಿಗೆ ತಾನಾಗಿ ಎದ್ದು ಹೊರಡುತ್ತದೆ. ನನ್ನನ್ನು ಕೇಳುವುದೂ ಇಲ್ಲ.

ಇಷ್ಟು ದಿನ ದಿನಕ್ಕೆ ಒಂದು ನಾಟಕ ಆಡಿದ್ದೇನೆ. ಮೆಷಿನ್ ಸದ್ದಿನ ಮರೆಯಲ್ಲಿ. ಟಿಕೆಟ್ಟಿಲ್ಲದೆ, ಗೂಬೆಗಳಿಗೆ.

ಇವಳು ನಕ್ಕಳು. ಸೆರಗು ಬಾಯಿಗೆ ಒತ್ತಿ ನಕ್ಕಳು, ಅದೂ ಸಾಲದೆ ನೆಲಕ್ಕೆ ಜಾರಿ ನಕ್ಕಳು. "ಪಾಪ, ನರ್ಸಿನ ಮುಂದೆ ಮಂಡಿ ಬೇರೆ ಊರಿದ್ರಿ!"

ಮಾರ್ಚ್ 20, ಗುರುವಾರ

ಪುಸ್ತಕ ಬಿಟ್ಟುಬಿಡು ಎಂದಳು ಮಗಳು. ಬಿಟ್ಟೆ. ಒಂದು ಗಂಟೆ ಗೋಡೆ ನೋಡಿದೆ. ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಆಗಲಿಲ್ಲ.

ಬಾಯಿಗೆ ಟವೆಲ್ ಕಟ್ಟಿಕೊಂಡೆ. ಟವೆಲ್ಲಿನೊಳಗೆ ತುಟಿ ಕುಣಿಯಿತು. "ಗಂಟಿಗೆ ಟವೆಲ್ ಕಾಣತ್ತಾ?" ಎಂದಳು ಇವಳು.

ಪ್ರಾಣಿ ಪಕ್ಷಿ ಬೇಡ, ಬರೀ ಸುತ್ತುಗಳಿರುವ ಪುಟ ತುಂಬು ಎಂದಳು ಮಗಳು. ನಡುವೆ ಚುಕ್ಕಿ, ಅದರ ಸುತ್ತ ಉಂಗುರ, ಉಂಗುರದ ಸುತ್ತ ದಳ. ಪಾತ್ರವಿಲ್ಲ, ಕಥೆಯಿಲ್ಲ. ಸರಿ ಎಂದು ಕೂತೆ. ಹೊರಗಿನ ಉಂಗುರಕ್ಕೆ ಕಂದು ಹಚ್ಚುವುದರೊಳಗೆ ಅದು ಕೋಟೆಗೋಡೆಯಾಯಿತು. ದಳಗಳೆಲ್ಲ ಮುತ್ತಿಗೆ ಹಾಕಿದ ಸೈನ್ಯ. ನಡುವಿನ ಚುಕ್ಕಿ ಯಾರು? ಹೇಳಬೇಕೇ?

"ಅಮ್ಮಾ, ಚುಕ್ಕಿ ಮಾತಾಡ್ತಿದೆ!"

ಕೊನೆಗೆ ಇವಳೇ ಎದ್ದು ಲೋಟದಲ್ಲಿ ನೀರು ತಂದಳು.

"ಬಾಯಿ ತುಂಬಾ ತಗೊಳ್ಳಿ. ನುಂಗಬೇಡಿ. ಈಗ ಹಚ್ಚಿ ನೋಡೋಣ."

ಮಹಾಜನರೇ, ಬಾಯಲ್ಲಿ ನೀರಿದ್ದರೆ ಯಾವ ರಾಜನೂ ಗುಡುಗಲಾರ. ಕೆನ್ನೆ ಎರಡೂ ಉಬ್ಬಿಸಿಕೊಂಡು ಹಚ್ಚಿದೆ. ನಾಲಿಗೆ ಎದ್ದಿತು, ನೀರಿನಲ್ಲಿ ಮುಳುಗಿತು. ಎದ್ದಿತು, ಮುಳುಗಿತು. ಗೆದ್ದೆವೆಂದುಕೊಂಡೆವು.

ಪುಟ ತಿರುಗಿಸಿದರೆ ಸಮುದ್ರ. ಹಡಗು. ಬಿರುಗಾಳಿ. ನೀಲಿ ಪೆನ್ಸಿಲ್ ಒತ್ತಿ ಎಳೆಯುತ್ತಿದ್ದಂತೆ ಎದೆಯೊಳಗಿಂದ ಏನೋ ಬಂತು—

ಮುಂದಿನದನ್ನು ಬರೆಯಲು ಮನಸ್ಸಿಲ್ಲ. ಎಡಗಡೆಯ ಪುಟದಲ್ಲಿ ಇವಳು ನಿನ್ನೆ ರಾತ್ರಿ ಕೂತು ತುಂಬಿದ್ದ ಬಳ್ಳಿ ಇತ್ತು. ಈಗ ಅದು ಕೆರೆ.

"ಅಯ್ಯೋ ನನ್ನ ಹಸಿರು! ಒಂದೊಂದು ಎಲೆಗೂ ಬೇರೆ ಬೇರೆ ಹಸಿರು ಹಾಕಿದ್ದೆ! ನಿಮ್ಮ ನಾಟಕಕ್ಕೆ ಬೆಂಕಿ ಬೀಳ!"

ಬೆಂಕಿಯಲ್ಲ, ನೀರು ಬಿದ್ದದ್ದು. ಆದರೆ ಅದನ್ನು ಹೇಳಲು ಬಾಯಿಲ್ಲ. ಸ್ಲೇಟಿನಲ್ಲಿ ಬರೆಯಲು ಧೈರ್ಯವಿಲ್ಲ.

ಮಾರ್ಚ್ 25, ಮಂಗಳವಾರ

ಪುಟ ಬಿಸಿಲಿಗೆ ಒಣಗಿ ಸೊಟ್ಟಗಾಗಿದೆ. ಕ್ಷಮೆ ದೊರೆತಿದೆ. ಷರತ್ತು — ಸಮುದ್ರ, ಹಡಗು, ಕೋಟೆ ನನಗೆ ನಿಷಿದ್ಧ. ಹಣ್ಣು, ಹೂವಿನ ಕುಂಡ, ಕೊಡೆ ಮಾತ್ರ.

ಬೆಲ್ಟ್ ಬಂದಿದೆ. ಆದರೂ ಸಂಜೆಯ ಹೊತ್ತು ಇವಳು ಮೆಷಿನ್ ನಿಲ್ಲಿಸಿ ಬಂದು ಕೂರುತ್ತಾಳೆ. ಎಡಪುಟ ಅವಳದು, ಬಲಪುಟ ನನ್ನದು. ಬಣ್ಣ ತುಂಬುತ್ತಾ ಮಾತಾಡುತ್ತಾಳೆ.

ಒಂದು ವಿಚಿತ್ರ ಗಮನಿಸಿದೆ. ಇವಳು ಮಾತಿನ ನಡುವೆ ನಿಲ್ಲುತ್ತಾಳೆ. "ಎದುರುಮನೆ ಟೀಚರು ಬ್ಲೌಸಿಗೆ ಬಂದಿದ್ರು, ಅವರ ಮಗಳಿಗೆ..." ನಿಲುಗಡೆ. ನನ್ನ ಮುಖ ನೋಡುತ್ತಾಳೆ. ಏಕೆ ನಿಂತಳು? ಯೋಚಿಸಿದೆ. ಹೊಳೆಯಿತು. ಅದು ನಾನು ನುಗ್ಗುವ ಜಾಗ. ಇಷ್ಟು ವರ್ಷ ಅಲ್ಲೇ ಬಾಗಿಲು ಒದ್ದು ಒಳಗೆ ಬಂದು ಉಳಿದ ಮಾತನ್ನು ನಾನೇ ಆಡಿ ಮುಗಿಸುತ್ತಿದ್ದೆ. ಈಗ ಯಾರೂ ನುಗ್ಗುವುದಿಲ್ಲ. ಪಾಪ, ಮುಂದಿನ ಅರ್ಧವನ್ನು ತಾನೇ ಹುಡುಕಿಕೊಳ್ಳಬೇಕು. ಮೊದಮೊದಲು ತಡವರಿಸಿದಳು. ಈಗ ಸಿಗುತ್ತಿದೆ.

ಟೀಚರ ಮಗಳ ಕಥೆ ನಾನೆಣಿಸಿದಂತೆ ಮುಗಿಯಲೇ ಇಲ್ಲ. ನನ್ನದಕ್ಕಿಂತ ಚೆನ್ನಾಗಿತ್ತು.

ಮಾರ್ಚ್ 31, ಸೋಮವಾರ

ಡಾಕ್ಟರಮ್ಮ ನಕ್ಕರು! ಗಂಟು ಕುಗ್ಗಿದೆ. ಜಟ್ಟಿಗಳು ಈಗ ಬರೀ ಪುಡಿ ಹುಡುಗರು. ಬಾಯಲ್ಲಿ ನೀರಿನ ಉಪಾಯ ಕೇಳಿ, "ಇದನ್ನ ಬೇರೆ ಪೇಷಂಟುಗಳಿಗೂ ಹೇಳ್ತೀನಿ," ಎಂದರು. ಇವಳ ಮುಖದಲ್ಲಿ ಏನು ಗತ್ತು!

ಆಮೇಲೆ ಸಿಡಿಲು. "ಇನ್ನೊಂದು ವಾರ ಮೌನ. ಏಪ್ರಿಲ್ ಏಳರಿಂದ ಮೆತ್ತಗೆ ಮನೆಮಾತು ಆಡಬಹುದು. ಈ ಸಲದ ನಾಟಕ ಮಾತ್ರ ಬೇಡ. ಈಗ ಕೂಗಿದ್ರೆ ಗಂಟು ಒಡೆದು ರಕ್ತ ಬರಬಹುದು. ಆಮೇಲೆ ಇರೋ ಧ್ವನಿಯೂ ಹೋಗಬಹುದು."

ಸ್ಲೇಟು: 'ಒಂದೇ ಒಂದು ಸೀನ್?'

"ಒಂದೇ ಒಂದು ಗಂಟಲು."

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಇಲ್ಲ. ಡಾಕ್ಟರುಗಳು ಹಾಗೇ ಹೇಳುತ್ತಾರೆ. ಅಪ್ಪ ಜ್ವರದಲ್ಲಿ ಆಡಿದವನು. ಯಜಮಾನರು ಒಂದು ಮಾತು ಕರೆದರೆ... ನೋಡೋಣ.

ಏಪ್ರಿಲ್ 3, ಗುರುವಾರ, ಸಂಜೆ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಬಾಯಿ ತುಂಬಾ ನೀರಿಟ್ಟುಕೊಂಡು ಕೊಡೆಗಳ ಪುಟ ತುಂಬುತ್ತಿದ್ದೆ. ಇವಳು ಎಡಪುಟದಲ್ಲಿ ಮಳೆಹನಿ. ಮಾತು ಅತ್ತಿತ್ತ ಸುತ್ತಿ ನಮ್ಮ ಮದುವೆಗೆ ಬಂತು.

ಆ ಕಥೆ ನನ್ನದು. ಬಂದ ನೆಂಟರಿಗೆಲ್ಲ ನಾನೇ ಹೇಳುವುದು. ಹೆಣ್ಣು ಕೊಡುವ ಮೊದಲು ಮಾವನವರು ಮಗಳನ್ನು ನಾಟಕಕ್ಕೆ ಕರೆತಂದರು, ಮೂರನೆಯ ಸಾಲಿನಲ್ಲಿ ಕೂರಿಸಿದರು, ನನ್ನ ಘರ್ಜನೆ ಕೇಳಿದ ಹುಡುಗಿ ಅಲ್ಲಿಯೇ ಮನಸೋತಳು. ಚಪ್ಪಾಳೆ.

ಇವಳು ಒಂದು ಹನಿಗೆ ನೀಲಿ ತುಂಬಿ ಮುಗಿಸಿ, ನಿಧಾನವಾಗಿ ಅಂದಳು: "ನಿಜ ಹೇಳಬೇಕು ಅಂದ್ರೆ, ಅವತ್ತು ನಾನು ನಾಟಕ ನೋಡಲೇ ಇಲ್ಲ. ನಿಮ್ಮನ್ನ ಒಪ್ಪಿದ್ದು ಯಾಕೆ ಅಂದ್ರೆ..."

ನಿಲುಗಡೆ. ನನ್ನ ಬಾಯಲ್ಲಿ ನೀರು. ಮೈಯೆಲ್ಲ ಕಿವಿ.

ಬಾಗಿಲು ಬಡಿದ ಸದ್ದು. ಯಜಮಾನರು!

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಕುರ್ಚಿಯಲ್ಲಿ ಕುಸಿದರು. ಇವಳು ಎದ್ದು ಮೆಷಿನ್ ಹತ್ತಿರ ಹೋಗಿ ಕೂತಳು. ತುಳಿಯಲಿಲ್ಲ. ಬರೀ ಕೂತಳು.

"ಕೈ ಮುಗೀತೀನಿ ಬಾರಯ್ಯ. ಮೈಕಣ್ಣ ಕೋಟೆ ಸೀನಿನಲ್ಲಿ ನಿಂತರೆ, ಬೀಗದ ಕೈ ಮನೇಲಿ ಮರೆತು ಬಂದವನ ಹಾಗೆ ಕಾಣ್ತಾನೆ. ಜನ ನಗ್ತಾರೆ. ನೀನು ಒಂದೇ ಒಂದು ಹೂಂ ಅನ್ನು. ಪಾತ್ರ ನಿನ್ನದು. ನಾಳೆಯಿಂದಲೇ ರಿಹರ್ಸಲ್."

ನೀರು ನುಂಗಿದೆ. ಬಾಯಿ ಖಾಲಿ. ಈ ಮಾತಿಗೇ ಕಾದಿದ್ದೆ. ಹೂಂ ಎನ್ನಲು ನಾಲಿಗೆಯೂ ಬೇಡ, ತುಟಿ ಮುಚ್ಚಿದ್ದರೆ ಸಾಕು.

ಕಣ್ಣು ಎಡಪುಟದ ಮೇಲೆ ಬಿತ್ತು. ಅರ್ಧ ತುಂಬಿದ ಮಳೆ. ಅರ್ಧ ಆಡಿದ ಮಾತು. ಒಪ್ಪಿದ್ದು ಯಾಕೆ ಅಂದ್ರೆ — ಯಾಕೆ? ಈಗ ಹೂಂ ಅಂದರೆ ನಾಳೆ ಘರ್ಜನೆ, ನಾಡಿದ್ದು ಘರ್ಜನೆ. ಕೋಟೆಯ ಬಾಗಿಲಲ್ಲಿ ಗಂಟಲು ಚೆಲ್ಲಿ ಬಂದ ಮೇಲೆ, ಆ ಯಾಕೆಯನ್ನು ಯಾವುದರಿಂದ ಕೇಳಲಿ?

ಸ್ಲೇಟು ತೆಗೆದುಕೊಂಡೆ. 'ರಾಜ ಮೈಕಣ್ಣನಿಗೇ ಇರಲಿ.' ಬರೆದು ಕೊಟ್ಟೆ. ತಡೆಯಲಾಗದೆ ಕಸಿದುಕೊಂಡು ಕೆಳಗೆ ಸೇರಿಸಿದೆ: 'ಎಡಗಾಲು ಮುಂದಿಟ್ಟು ನಿಲ್ಲಲು ಹೇಳಿ. ಕೂಗುವ ಮೊದಲು ಬಾಗಿಲಿಗೆ ಒಮ್ಮೆ ಬೆನ್ನು ತಿರುಗಿಸಲಿ.'

ಯಜಮಾನರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ನಿನಗೆ ತಲೆ ಕೆಟ್ಟಿದೆ," ಎಂದರು. ಕಾಫಿ ಕುಡಿದರು. ಹೋಗುವಾಗ ನನ್ನ ಭುಜ ತಟ್ಟಿದರು, ಸತ್ತವರ ಮನೆಯಲ್ಲಿ ತಟ್ಟುವ ಹಾಗೆ.

ಬಾಗಿಲು ಮುಚ್ಚಿ ಬಂದವನೇ ಸ್ಲೇಟು ಹಿಡಿದು ಇವಳ ಮುಂದೆ ನಿಂತೆ: 'ಯಾಕೆ?'

ಇವಳು ಸ್ಲೇಟು ನೋಡಿದಳು. ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತೇನೋ. ಗೊತ್ತಾಗುವುದರೊಳಗೆ ಒರೆಸಿಬಿಟ್ಟಳು — ಸ್ಲೇಟನ್ನು.

"ಬರೆದ್ರೆ ಹೇಳಲ್ಲ. ಬಾಯಿಬಿಟ್ಟು ಕೇಳಬೇಕು. ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಕೇಳಿದ್ದೀರಾ?"

ಏಪ್ರಿಲ್ 4, ಶುಕ್ರವಾರ

ಕಾಲು ಹಿಡಿಯುವ ಅಭಿನಯ ಮಾಡಿದೆ. ಪ್ರಯೋಜನವಿಲ್ಲ. ಮಗಳಿಗೆ ಲಂಚ ಕೊಟ್ಟು ಕಳಿಸಿದೆ. ಅವಳಿಗೆ ಇವಳು ಹೇಳಿದಳಂತೆ! ಒಳಗೆ ಇಬ್ಬರೂ ನಗುವುದು ಕೇಳಿಸಿತು. ಮಗಳು ಹೊರಬಂದು, "ಅಪ್ಪಾ, ನೀನು ಇಷ್ಟು ವರ್ಷ ತಪ್ಪು ಕಥೆ ಹೇಳ್ತಿದ್ಯಲ್ಲ," ಎಂದು ತಲೆ ಸವರಿ ಹೋದಳು.

ಮುದಿರಾಜನಿಗೂ ಇಂಥ ಶಿಕ್ಷೆ ಯಾರೂ ಕೊಟ್ಟಿರಲಿಲ್ಲ.

ಏಪ್ರಿಲ್ 6, ಭಾನುವಾರ, ಸಂಜೆ

ನಾಳೆ ಬಾಯಿ ಬಿಡುಗಡೆ.

ಮೊದಲ ಮಾತು ಏನು? ಮನೆಯಲ್ಲಿ ಪಂಥ ಕಟ್ಟಿದ್ದಾರೆ. 'ಎಲವೋ' ಎಂದೇ ಶುರು ಮಾಡುತ್ತಾನೆ ಎಂಬುದು ಮಗಳ ಪಂಥ. ಯಜಮಾನರು ಫೋನ್ ಮಾಡಿ, ಮೈಕಣ್ಣ ಎಡಗಾಲು ಮುಂದಿಟ್ಟ ಮೇಲೆ ಪರವಾಗಿಲ್ಲ, ಸ್ವಲ್ಪ ರಾಜನ ಹಾಗೆ ಕಾಣುತ್ತಾನೆ, ಎಂದರು. ಹೊಟ್ಟೆ ಉರಿಯಿತು. ಸ್ವಲ್ಪ ಹೊತ್ತು. ಆಮೇಲೆ ಒಂದು ಕೊಡೆಗೆ ಹಳದಿ ತುಂಬಿದೆ.

ಕಳೆದ ವಾರವೇ ಒಂದು ಭಾಷಣ ಸಿದ್ಧ ಮಾಡಿಟ್ಟಿದ್ದೆ. ಮೌನವನ್ನು ಗೆದ್ದ ವೀರನ ಪ್ರವೇಶ. ಪೂರ್ತಿ ಬಾಯಿಪಾಠ. ಅದು ಬೇಡ.

ಹಾಗಾದರೆ ಕೇಳಿ, ಮಹಾಜನರೇ! ಮುಂದಿನ ಸಾಲಿನವರೂ, ಹಿಂದಿನ ಬೆಂಚಿನವರೂ! ನಾಳೆ ಬೆಳಿಗ್ಗೆ ಎದ್ದು, ಮುಖ ತೊಳೆದು, ಇವಳು ಕಾಫಿಗೆ ನೀರಿಡುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಡೈಲಾಗ್ ಇಲ್ಲ. ಕೈ ಎತ್ತುವುದಿಲ್ಲ. ನಿಮಗ್ಯಾರಿಗೂ ಕೇಳಿಸುವುದಿಲ್ಲ, ಸಿಟ್ಟಾಗಬೇಡಿ. ಒಲೆಯ ಹತ್ತಿರ ನಿಂತವಳಿಗಷ್ಟೇ ಕೇಳಿಸುವಷ್ಟು ಮೆತ್ತಗೆ, ನನ್ನನ್ನು ಯಾಕೆ ಒಪ್ಪಿದೆ ಎಂದು ಕೇಳುತ್ತೇನೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು, ಅವಳು ನಡುವೆ ನಿಂತರೂ ನುಗ್ಗದೆ, ಕಾಫಿ ಉಕ್ಕಿದರೂ ಅಲ್ಲಾಡದೆ, ಕೊನೆಯವರೆಗೆ ಕೇಳಿಸಿಕೊಳ್ಳುತ್ತೇನೆ.